ಆರೋಪಿ ಕೇಳಲಿಲ್ಲ ಅಂದರೆ ವಕೀಲರು ಬೇಡವೇ?

ಕಾನೂನು ಓದುವ ನಾವು ಹೆಚ್ಚಿನವರು ಎಡವುವುದು ಇಲ್ಲೇ. ಸಂವಿಧಾನದ 22(1)ನೇ ವಿಧಿ ಕೊಡುವುದು ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು. ಫೀಸಿಗೆ ದುಡ್ಡೇ ಇಲ್ಲದವರ ಗತಿ? ಅದನ್ನು ಈ ವಿಧಿ ಹೇಳುವುದಿಲ್ಲ. 1976ರ 42ನೇ ತಿದ್ದುಪಡಿ 39ಎ ವಿಧಿ ಸೇರಿಸಿ ಉಚಿತ ಕಾನೂನು ನೆರವಿನ ಮಾತು ತಂದಿತು. ಆದರೆ ಅದು ನಿರ್ದೇಶಕ ತತ್ವ. ಬರೀ ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಲಾಗದು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣ ಬಂದಾಗ, ಬಡ ಆರೋಪಿಗೆ ವಕೀಲರ ನೆರವು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ಭಾಗವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೂಲಭೂತ ಹಕ್ಕಾಗಿದ್ದು ಹೀಗೆ.

ಸರಿ, ಆರೋಪಿ ವಕೀಲರನ್ನು ಕೇಳಲೇ ಇಲ್ಲ ಅಂದುಕೊಳ್ಳಿ. ಆಗ?

ಇದಕ್ಕೆ 1986ರ ಸುಕ್ ದಾಸ್ ಪ್ರಕರಣವನ್ನು ನಿಧಾನವಾಗಿ ಓದಬೇಕು. ಅರುಣಾಚಲ ಪ್ರದೇಶದ್ದು. ವರ್ಗಾವಣೆ ಆದೇಶ ರದ್ದು ಮಾಡಿ ಎಂದು ಅಸಿಸ್ಟೆಂಟ್ ಎಂಜಿನಿಯರ್ ಒಬ್ಬರನ್ನು ಬೆದರಿಸಿದರು ಎಂಬ ಆರೋಪ. ವಿಚಾರಣೆಯ ಉದ್ದಕ್ಕೂ ಆರೋಪಿಗೆ ವಕೀಲರಿಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳಿ ಮುಗಿಸುತ್ತಾನೆ, ಪಾಟಿ ಸವಾಲಿನ ಸರದಿ ಬರುತ್ತದೆ. ಏನು ಕೇಳಬೇಕು, ಯಾವ ಮಾತು ಹಿಡಿದು ಜಗ್ಗಬೇಕು ಎಂಬುದು ಕಾನೂನು ಓದದವರಿಗೆ ಹೇಗೆ ಗೊತ್ತಾಗಬೇಕು? ಎರಡು ವರ್ಷ ಶಿಕ್ಷೆಯಾಯಿತು. ಅವರು ಅರ್ಜಿಯನ್ನೇ ಹಾಕಲಿಲ್ಲವಲ್ಲ ಎಂದು ಹೈಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಭಗವತಿ ಆ ಮಾತು ಒಪ್ಪಲಿಲ್ಲ. ಇಂಥ ಹಕ್ಕಿದೆ ಅಂತಲೇ ಗೊತ್ತಿಲ್ಲದವರು ಅರ್ಜಿ ಹಾಕುವುದೆಲ್ಲಿಂದ ಬಂತು? ನಿನಗೆ ಉಚಿತವಾಗಿ ವಕೀಲರು ಸಿಗುತ್ತಾರೆ ಎಂದು ತಿಳಿಸಬೇಕಾದ್ದು ಕೋರ್ಟಿನ ಕೆಲಸ. ತಿಳಿಸಿರಲಿಲ್ಲ, ಹಾಗಾಗಿ ಶಿಕ್ಷೆಯೇ ರದ್ದಾಯಿತು. ನನ್ನ ಮಟ್ಟಿಗೆ ಈ ವಿಷಯದ ಜೀವಾಳವೇ ಈ ತೀರ್ಪು.

ಇದಕ್ಕೂ ಮುಂಚೆ, ಬಿಹಾರದ ಭಾಗಲ್ಪುರದ ಕೈದಿಗಳನ್ನು ಕುರುಡಾಗಿಸಿದ ಘೋರ ಘಟನೆಯಿಂದ ಹುಟ್ಟಿದ ಖತ್ರಿ ಪ್ರಕರಣದಲ್ಲೇ ಇನ್ನೆರಡು ಮಾತು ಇತ್ಯರ್ಥವಾಗಿದ್ದವು. ಮ್ಯಾಜಿಸ್ಟ್ರೇಟ್ ಮುಂದೆ ಮೊದಲ ಸಲ ಹಾಜರುಪಡಿಸಿದಾಗಲೇ ಈ ಹಕ್ಕು ಶುರು. ಬೊಕ್ಕಸದಲ್ಲಿ ಹಣವಿಲ್ಲ ಎಂದು ಸರ್ಕಾರ ಕೈ ಎತ್ತುವಂತಿಲ್ಲ.

ಪರೀಕ್ಷೆಯಲ್ಲಿ ಜಾಸ್ತಿ ಗೊಂದಲ ಮಾಡುವುದು 2012ರ ಕಸಬ್ ತೀರ್ಪು. ವಿಚಾರಣೆಗೆ ಮುಂಚಿನ ಹಂತದಲ್ಲಿ ವಕೀಲರಿಲ್ಲದಿದ್ದರೆ ಅಷ್ಟಕ್ಕೇ ವಿಚಾರಣೆ ಬಿದ್ದುಹೋಗುವುದಿಲ್ಲ. ಅದರಿಂದ ನಿಜವಾಗಿ ತೊಂದರೆಯಾಯಿತು ಎಂದು ತೋರಿಸಬೇಕು. ವಿಚಾರಣೆಯ ಹಂತದಲ್ಲೇ ಕೊಡದಿದ್ದರೆ ಮಾತ್ರ ಬೇರೆ ಮಾತು, ಇಡೀ ವಿಚಾರಣೆಯೇ ಅಸಿಂಧುವಾಗುತ್ತದೆ.

ಇನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಅದರ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ ಸಂಖ್ಯೆ 15100. ಇದನ್ನು ಬರೀ ಪರೀಕ್ಷೆಗೆ ಅಂತ ಬರೆದುಕೊಳ್ಳಬೇಡಿ, ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಊರಲ್ಲಿ ಯಾರನ್ನಾದರೂ ಸ್ಟೇಷನ್ನಿಗೆ ಕರೆದುಕೊಂಡು ಹೋದರೆ ಅವರ ಮನೆಯವರು ಮೊದಲು ಫೋನ್ ಮಾಡುವುದು ಕಾನೂನು ಓದುತ್ತಿರುವ ನಮಗೇ ಅಲ್ವಾ?