ಡೇಟಾ ಸೆಂಟರ್‌ಗೆ ಕರೆಂಟ್: ಲೈನ್ ಎಳೆಯುವ ಖರ್ಚು ಯಾರದ್ದು?

ಸಕಲೇಶಪುರದ ಕಡೆ ಬೇಸಿಗೆಯಲ್ಲಿ ಎಲ್ಲರೂ ಕೇಳುವುದು ಒಂದೇ, ‘ತ್ರೀ ಫೇಸ್ ಎಷ್ಟೊತ್ತಿಗೆ?’ ಹೂ ಬಿಡಿಸುವ ಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಪಂಪ್ ಓಡಿಸುವ ಆ ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ಎದ್ದು ಸ್ಟಾರ್ಟರ್ ಒತ್ತಬೇಕು, ಆ ಹೊತ್ತಿಗೇ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಮುಂದಿನ ಫಸಲಿಗೇ ಪೆಟ್ಟು. ಇಂಟರ್ನೆಟ್, ಎಐ ಕೆಲಸದ ಸಾವಿರಾರು ಕಂಪ್ಯೂಟರ್‌ಗಳು ಹಗಲೂ ರಾತ್ರಿ ಓಡುವ ಡೇಟಾ ಸೆಂಟರ್ ಹೀಗೆ ಕಾಯುವುದಿಲ್ಲ. 100 ಮೆಗಾವ್ಯಾಟ್‌ನದ್ದು ಪೂರ್ತಿ ಓಡಿದರೆ ದಿನಕ್ಕೆ 24 ಲಕ್ಷ ಯೂನಿಟ್ ಬೇಕು. ತಿಂಗಳಿಗೆ 100 ಯೂನಿಟ್ ಉರಿಸುವ 7 ಲಕ್ಷ ಮನೆಗಳ ಕರೆಂಟ್ ಅದು.

ದೊಡ್ಡ ಗಿರಾಕಿಗೆ ಮೊದಲು ಅನ್ನುವುದು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಹೋಗಿದ್ದೇ ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿಗೆ ಬಂದಿದ್ದು 1905ರಲ್ಲಿ.

ಗೋಜಲು ಶುರುವಾಗಿದ್ದು ಇತ್ತೀಚೆಗೆ. ಅಮೆರಿಕದಲ್ಲಿ 2010ರ ನಂತರ ಕೆಲವು ವರ್ಷ ಡೇಟಾ ಸೆಂಟರ್‌ಗಳಲ್ಲಿ ಸರ್ವರ್‌ಗಳು (ಕಂಪ್ಯೂಟರ್‌ಗಳು) ಹೆಚ್ಚಿದರೂ ಅವುಗಳ ಕರೆಂಟ್ ಬಳಕೆ ಅಷ್ಟಾಗಿ ಏರಲಿಲ್ಲ, ಯಂತ್ರಗಳು ಸುಧಾರಿಸುತ್ತಾ ಹೋದವು. ಎಐ ಬಂದಮೇಲೆ ಆ ಲೆಕ್ಕ ತಪ್ಪಿತು. ಐರ್ಲೆಂಡಿನಲ್ಲಿ 2015ಕ್ಕೆ ದೇಶದ ಕರೆಂಟ್ ಬಳಕೆಯಲ್ಲಿ ಡೇಟಾ ಸೆಂಟರ್‌ಗಳ ಪಾಲು ಶೇ 5 ಇದ್ದದ್ದು 2023ಕ್ಕೆ ಶೇ 21 ಆಯಿತು, ಡಬ್ಲಿನ್ ಸುತ್ತ ಹೊಸ ಸಂಪರ್ಕ ಸಿಗುವುದೇ ಕಷ್ಟವಾಯಿತು. ಲೈನ್‌ಗಾಗಿ ವರ್ಷಗಟ್ಟಲೆ ಕಾಯುವ ಬದಲು ಕಂಪನಿಗಳು ವಿದ್ಯುತ್ ಸ್ಥಾವರವನ್ನೇ ಹಿಡಿದುಕೊಳ್ಳಲು ಹೊರಟವು. ಲಾಭವಿಲ್ಲವೆಂದು 2019ರಲ್ಲಿ ಮುಚ್ಚಿದ್ದ ಅಮೆರಿಕದ ತ್ರೀ ಮೈಲ್ ಐಲ್ಯಾಂಡಿನ 835 ಮೆಗಾವ್ಯಾಟ್ ಅಣು ಘಟಕವನ್ನು ಮತ್ತೆ ಶುರುಮಾಡಿಸಿ, 20 ವರ್ಷ ಅದರ ಕರೆಂಟ್ ಕೊಳ್ಳಲು ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಅಮೆರಿಕದ ಪೂರ್ವ ಭಾಗದ ಪಿಜೆಎಂ ಗ್ರಿಡ್‌ನಲ್ಲಿ, ಬೇಕಾದಾಗ ಕರೆಂಟ್ ಕೊಡಲು ಸಿದ್ಧವಾಗಿರುವುದಕ್ಕೆ ಸ್ಥಾವರಗಳಿಗೆ ಕೊಡುವ ದರ ಮೆಗಾವ್ಯಾಟ್‌ಗೆ ದಿನಕ್ಕೆ 28.92 ಡಾಲರ್‌ನಿಂದ 269.92ಕ್ಕೆ ಹಾರಿತು. ಡೇಟಾ ಸೆಂಟರ್ ಒಂದೇ ಕಾರಣವಲ್ಲ, ಆದರೆ ಬಿಲ್ ಮಾತ್ರ ಮನೆಮನೆಗೂ ಬಂತು, ಇದು ನ್ಯಾಯ ಅನ್ನಿಸುವುದಿಲ್ಲ.

ಇಲ್ಲಿ ರಾಜ್ಯಕ್ಕೆ 2022ರಿಂದಲೇ ಡೇಟಾ ಸೆಂಟರ್ ನೀತಿ ಇದೆ. ಕೇಂದ್ರಗಳು ಬೆಂಗಳೂರಿನಲ್ಲೇ ಎದ್ದರೂ ಲೈನ್ ಹಾದುಹೋಗುವುದು ನಮ್ಮಂಥವರ ಊರುಗಳ ಮೇಲೆ ಅಲ್ವಾ. ಉಡುಪಿಯ ಸ್ಥಾವರದಿಂದ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಬರುವ 400 ಕೆವಿ ಲೈನನ್ನೇ ನೋಡಿ. ಅಂಥ ಲೈನ್ ಅಡಿಯಲ್ಲಿ ಎತ್ತರದ ಮರ ಬಿಡುವಂತಿಲ್ಲ, ಮರ ಹೋದರೆ ಕಾಫಿಗೆ ನೆರಳಿಲ್ಲ, ಮೆಣಸಿನ ಬಳ್ಳಿಗೆ ಆಸರೆ ಇಲ್ಲ.

ಡೇಟಾ ಸೆಂಟರ್‌ಗೆಂದು ಎಳೆದ ಲೈನಿನ ಖರ್ಚು ಉಳಿದ ಗ್ರಾಹಕರ ತಲೆಗೆ ಬರಬಾರದೆಂದು 2025ರ ಜುಲೈನಲ್ಲಿ ಅಮೆರಿಕದ ಒಹಾಯೊ ರಾಜ್ಯ ಒಂದು ನಿಯಮ ತಂದಿತು. ಅಲ್ಲಿನ ದೊಡ್ಡ ವಿದ್ಯುತ್ ಕಂಪನಿಯೊಂದರಿಂದ ಸಂಪರ್ಕ ಪಡೆಯುವ ಹೊಸ ಡೇಟಾ ಸೆಂಟರ್ 25 ಮೆಗಾವ್ಯಾಟ್‌ಗಿಂತ ದೊಡ್ಡದಾಗಿದ್ದರೆ, ಬಳಸಲಿ ಬಿಡಲಿ, ಕೇಳಿದ ಕರೆಂಟಿನಲ್ಲಿ ಶೇ 85ಕ್ಕೆ 12 ವರ್ಷದವರೆಗೆ ದುಡ್ಡು ಕಟ್ಟಬೇಕು. ಇಲ್ಲೂ ಟವರ್ ನೆಡುವ ಮೊದಲೇ ಇಂಥ ನಿಯಮ ಬರಬೇಕು, ಜೊತೆಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಹೊತ್ತು ಕಡಿಮೆ ಮಾಡುವುದಿಲ್ಲ ಅಂತಲೂ ಬರೆದುಕೊಡಬೇಕು.