ಪದ ಪರಿಚಯ: ಅಮೆರಿಕದ ‘ಸೆಕೆಂಡ್ ಡಿವಿಷನ್’

ಅಮೆರಿಕದ ಸಾಕರ್ (ಫುಟ್‌ಬಾಲ್) ಆಟಗಾರರ ಕುರಿತ ಬರಹಗಳಲ್ಲಿ ‘ಎರಡನೇ ಡಿವಿಷನ್‌ಗೆ ಕುಸಿದ ತಂಡ’, ‘ಬಡ್ತಿ ಪಡೆದ ತಂಡ’ ಎಂಬ ಮಾತುಗಳು ಧಾರಾಳವಾಗಿ ಕಾಣಿಸುತ್ತವೆ. ಇಂಗ್ಲೆಂಡ್ ಲೀಗ್‌ಗಳನ್ನು ನೋಡಿ ರೂಢಿಯಾದ ಭಾಷೆ ಇದು. ಅಮೆರಿಕದ ವೃತ್ತಿಪರ ಲೀಗ್‌ಗಳಲ್ಲಿ ಅಲ್ಲಿಯಂತೆ ಸೋತ ತಂಡ ಕೆಳಗಿನ ಡಿವಿಷನ್‌ಗೆ ಕುಸಿಯುವ, ಗೆದ್ದ ತಂಡ ಮೇಲಕ್ಕೆ ಏರುವ ಪದ್ಧತಿ ಇಲ್ಲ.

ಅಮೆರಿಕದಲ್ಲಿ ಡಿವಿಷನ್ ಎನ್ನುವುದು ಇಡೀ ಲೀಗ್‌ಗೆ ರಾಷ್ಟ್ರೀಯ ಫೆಡರೇಷನ್ ಕೊಡುವ ಮಾನ್ಯತೆ. ಹೋಟೆಲಿಗೆ ಸ್ಟಾರ್ ಕೊಡುವವರು ಕೋಣೆ, ಲಿಫ್ಟ್ ಎಣಿಸುತ್ತಾರೆಯೇ ಹೊರತು ಸಾಂಬಾರಿನ ರುಚಿ ನೋಡುವುದಿಲ್ಲವಲ್ಲ, ಹಾಗೆ. ಎರಡನೇ ಡಿವಿಷನ್‌ಗೆ 5,000 ಆಸನಗಳ ಕ್ರೀಡಾಂಗಣ, 2 ಕೋಟಿ ಡಾಲರ್ ಆಸ್ತಿಯ ಮುಖ್ಯ ಮಾಲೀಕ ಬೇಕು. ಮೂರನೆಯದಕ್ಕೆ 1,000 ಆಸನ, 1 ಕೋಟಿ ಡಾಲರ್ ಸಾಕು. ಗೋಲುಗಳ ಪ್ರಸ್ತಾಪ ಎಲ್ಲಿಯೂ ಇಲ್ಲ.

ರಿಚ್ಮಂಡ್ ಕಿಕರ್ಸ್ ತಂಡವನ್ನೇ ನೋಡಿ. 2016ರಲ್ಲಿ ಮೂರನೇ ಡಿವಿಷನ್. 2017ರ ಜನವರಿಯಲ್ಲಿ ಅದು ಆಡುತ್ತಿದ್ದ ಯುಎಸ್‌ಎಲ್ ಎಂಬ ಲೀಗ್‌ಗೆ ತಾತ್ಕಾಲಿಕ ಎರಡನೇ ದರ್ಜೆ ಸಿಕ್ಕಿತು. ತಂಡ ಕೂತಲ್ಲೇ ಮೇಲೇರಿತು. 2019ರಲ್ಲಿ ಹೊಸದಾಗಿ ಶುರುವಾದ ಯುಎಸ್‌ಎಲ್‌ನ ‘ಲೀಗ್ ಒನ್‌’ಗೆ ತಾನಾಗಿಯೇ ಸೇರಿ ಮತ್ತೆ ಮೂರನೆಯದಕ್ಕೆ ಇಳಿಯಿತು. ಗೋಲ್‌ಕೀಪರ್ ಮ್ಯಾಟ್ ಟರ್ನರ್ 2016 ಮತ್ತು 2017ರಲ್ಲಿ ಅಲ್ಲಿ ಆಡಿದ್ದು ಅಮೆರಿಕದ ಮೊದಲ ಡಿವಿಷನ್ ಲೀಗ್ ಎಂಎಲ್‌ಎಸ್‌ನ ನ್ಯೂ ಇಂಗ್ಲೆಂಡ್ ತಂಡದಿಂದ ಎರವಲಾಗಿ. ಒಪ್ಪಂದ ಮೊದಲ ಡಿವಿಷನ್‌ನದು, ಆಟ ಒಮ್ಮೆ ಮೂರನೆಯದರಲ್ಲಿ, ಮರುವರ್ಷ ಎರಡನೆಯದರಲ್ಲಿ. 2022ರ ವಿಶ್ವಕಪ್‌ನಲ್ಲಿ ಅಮೆರಿಕದ ಗೋಲು ಕಾದದ್ದೂ ಅವರೇ. ‘ಮೂರನೆಯದರಿಂದ ಎರಡನೆಯದಕ್ಕೆ ಬಡ್ತಿ ಪಡೆದು’ ಎಂದು ಅವರ ಬಗ್ಗೆ ಬರೆದರೆ ಕೇಳಲು ಚೆನ್ನಾಗಿರುತ್ತದೆ, ಅಷ್ಟೇ.

ಗೆದ್ದರೂ ಗತಿ ಇಲ್ಲದ ಉದಾಹರಣೆಯೂ ಇದೆ. ಆಗ ಎರಡನೇ ದರ್ಜೆಯಲ್ಲೇ ಇದ್ದ ಎನ್‌ಎಎಸ್‌ಎಲ್ ಎಂಬ ಇನ್ನೊಂದು ಲೀಗ್‌ನ 2017ರ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಡೆಲ್ಟಾಸ್ ತಂಡ ನ್ಯೂಯಾರ್ಕ್ ಕಾಸ್ಮೊಸ್ ಅನ್ನು 2–0ರಿಂದ ಸೋಲಿಸಿತು. ಕೆಲವೇ ದಿನಗಳಲ್ಲಿ, ನಷ್ಟ ತಾಳಲಾರದೆ, ಡೆಲ್ಟಾಸ್ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಲೀಗ್‌ಗೂ ಮುಂದಿನ ವರ್ಷದ ಮಾನ್ಯತೆ ತಪ್ಪಿತ್ತು. ಚಾಂಪಿಯನ್ ಆಟಗಾರರು ಪದಕ ಹಿಡಿದುಕೊಂಡೇ ಕೆಲಸ ಹುಡುಕಬೇಕಾಯಿತು. ಇದಕ್ಕೆ ‘ಹಿಂಬಡ್ತಿ’ ಎನ್ನುತ್ತೀರಾ?

2025ರ ಮಾರ್ಚ್‌ನಲ್ಲಿ ಯುಎಸ್‌ಎಲ್ ತಂಡಗಳ ಮಾಲೀಕರು ತಮ್ಮ ಲೀಗ್‌ಗಳ ನಡುವೆ ಬಡ್ತಿ, ಹಿಂಬಡ್ತಿ ತರಲು ಒಪ್ಪಿದ್ದಾರೆ, ಗುರಿ 2028. ಅದು ಜಾರಿಯಾದ ಮೇಲೆ ಈ ಮಾತುಗಳನ್ನು ಧೈರ್ಯವಾಗಿ ಬಳಸಬಹುದು, ಯುಎಸ್‌ಎಲ್ ಮಟ್ಟಿಗೆ. ಎಂಎಲ್‌ಎಸ್ ಸೇರುವ ದಾರಿ ಮಾತ್ರ ಗೆಲುವಲ್ಲ, ಹಣ: ಸ್ಯಾನ್ ಡಿಯಾಗೊ ತಂಡ 2023ರಲ್ಲಿ ಒಪ್ಪಿಕೊಂಡ ಪ್ರವೇಶ ಶುಲ್ಕ 50 ಕೋಟಿ ಡಾಲರ್.