ಮಳೆಹನಿಗೆ ಸಿಗದ ಹೊಗೆ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ, ಜೋರು ಮಳೆ ಬಿಟ್ಟಾಗ ಕಾಸರಗೋಡಿನ ಬೇಕಲ ಕೋಟೆಯ ಮೇಲೆ ನಿಂತರೆ, ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎನ್ನುವುದು ಸ್ಪಷ್ಟ ಕಾಣುತ್ತದೆ. ಜನವರಿಯಲ್ಲಿ ಅದೇ ಜಾಗಕ್ಕೆ ಬನ್ನಿ. ಮೋಡವೇ ಇಲ್ಲ, ಆದರೂ ದೂರದ ಆ ಗೆರೆ ಮಬ್ಬು. ಬಿಸಿಲು ಜಾಸ್ತಿ, ನೋಟ ಕಡಿಮೆ. ವಿಚಿತ್ರ ಅಲ್ವಾ?

ಮಳೆ ಗಾಳಿಯನ್ನು ತೊಳೆಯುತ್ತದೆ, ಅಷ್ಟೇ ಎಂದು ಹೇಳಿ ಮುಗಿಸಬಹುದು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ. ಅದರ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಆದರೆ ಮಳೆಹನಿ ನಾವು ತಿಳಿದಷ್ಟು ಒಳ್ಳೆಯ ಪೊರಕೆ ಅಲ್ಲ.

ಹನಿ ಬೀಳುವಾಗ ತನ್ನ ದಾರಿಯಲ್ಲಿರುವ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಮುರಕಲ್ಲಿನ ಕೆಂಪು ಧೂಳಿನಂಥ ದಪ್ಪ ಕಣಕ್ಕೆ ತೂಕ ಇದೆ. ಗಾಳಿ ತಿರುಗಿದಷ್ಟು ಬೇಗ ಅದು ತಿರುಗಲಾರದು, ಹನಿಗೆ ಬಡಿದು ಅಂಟಿಕೊಳ್ಳುತ್ತದೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ಪೆಟ್ಟಿಗೆ ಅತ್ತಿತ್ತ ಓಲಾಡುತ್ತಾ ತಾವಾಗಿಯೇ ಹನಿಗೆ ಸಿಕ್ಕಿಬೀಳುತ್ತವೆ. ನಡುವಿನವು ಇವೆಯಲ್ಲ, ಸುಮಾರು 0.1ರಿಂದ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದವು, ಅವು ಗಾಳಿಯ ಜೊತೆಗೇ ಹನಿಯ ಪಕ್ಕದಿಂದ ನುಣುಚಿಕೊಳ್ಳುತ್ತವೆ. ಕಷ್ಟ ಏನೆಂದರೆ, ಹೊಗೆಯ ಕಣಗಳಲ್ಲಿ ಬಹುಪಾಲು ಇದೇ ಗಾತ್ರದವು. ಇವು ಶ್ವಾಸಕೋಶದ ಆಳಕ್ಕೂ ಇಳಿಯಬಲ್ಲವು.

ಹಾಗಾದರೆ ಆಟಿಯ ಗಾಳಿ ಅಷ್ಟು ಶುದ್ಧ ಆಗುವುದು ಹೇಗೆ? ಕೆಲಸದ ದೊಡ್ಡ ಪಾಲು ಮೇಲೆ, ಮೋಡದೊಳಗೆ ನಡೆಯುತ್ತದೆ. ನೀರಾವಿ ಹನಿಯಾಗಬೇಕಾದರೆ ಅದಕ್ಕೆ ಕೂರಲು ಒಂದು ಕಣ ಬೇಕು. ಉಪ್ಪಿನದೋ ಹೊಗೆಯದೋ ಕಣದ ಸುತ್ತ ನೀರು ಕಟ್ಟಿಕೊಂಡು ಕೊನೆಗೆ ಅದನ್ನೂ ಹೊತ್ತುಕೊಂಡೇ ಕೆಳಗಿಳಿಯುತ್ತದೆ. ಜೊತೆಗೆ ಆ ತಿಂಗಳುಗಳಲ್ಲಿ ಗಾಳಿ ಬರುವುದು ಅರಬ್ಬೀ ಸಮುದ್ರದ ಕಡೆಯಿಂದ. ಅದರಲ್ಲಿ ಉಪ್ಪು ಇದೆ, ಹೊಗೆ ಕಡಿಮೆ. ನೆಲ ಒದ್ದೆಯಾಗಿರುವುದರಿಂದ ಧೂಳೂ ಏಳುವುದಿಲ್ಲ.

ಇದೆಲ್ಲ ಹೊರಗಿನ ಮಾತು. ಅದೇ ಆಟಿಯಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಕೂತ ಮನೆಯೊಳಗೆ ಗೋಡೆಗೆ ಬೂಷ್ಟು, ಬಚ್ಚಲಿನ ಒಲೆಯಲ್ಲಿ ಹಸಿ ಕಟ್ಟಿಗೆ. ಕಟ್ಟಿಗೆಯಲ್ಲಿ ನೀರಿದ್ದರೆ ಬೆಂಕಿಯ ಬಿಸಿ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಉರಿ ಪೂರ್ತಿ ಆಗುವುದಿಲ್ಲ, ಹೊಗೆ ಜಾಸ್ತಿ. ಉಬ್ಬಸ ಇರುವವರಿಗೆ ಮಳೆಗಾಲ ಯಾಕೆ ಕಷ್ಟ ಎಂದು ಕೇಳುವವರು ಮೊದಲು ಮನೆಯೊಳಗೆ ನೋಡಬೇಕು.

ಈಗ ಜನವರಿಗೆ ಬರೋಣ. ಗಾಳಿ ದಿಕ್ಕು ಬದಲಿಸಿರುತ್ತದೆ. ಈಶಾನ್ಯದಿಂದ, ಭೂಮಿಯ ಮೇಲಿಂದ ಬೀಸುತ್ತದೆ. ಬರುವಾಗ ಊರುಗಳ, ರಸ್ತೆಗಳ, ಒಲೆಗಳ ಹೊಗೆಯನ್ನೂ ತರುತ್ತದೆ. 1999ರ ಜನವರಿಯಿಂದ ಮಾರ್ಚ್‌ವರೆಗೆ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ನಡೆಸಿದ ವಿಜ್ಞಾನಿಗಳಿಗೆ ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಕಂದು ಮಬ್ಬಿನ ದೊಡ್ಡ ಹೊದಿಕೆಯೇ ಕಂಡಿತ್ತು. ಬೇಕಲದಲ್ಲಿ ಕಾಣುವ ಮಬ್ಬು ಬರೀ ಬೇಕಲದ್ದಲ್ಲ.

ನಮ್ಮದೇ ಪಾಲೂ ಇದೆ ಅನ್ನಿ. ಮುಳ್ಳೇರಿಯ, ಪೆರ್ಲ, ಅಡೂರು ಕಡೆ ಅಡಿಕೆ ತೋಟಗಳು ಹೆಚ್ಚಾಗಿ ಇರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ತಣ್ಣಗಿನ ಗಾಳಿಗೆ ತೂಕ ಹೆಚ್ಚು, ಅದು ಗುಡ್ಡದಿಂದ ಇಳಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಪದರ. ಬೆಳಿಗ್ಗೆ ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಕೊಟ್ಟರೆ ಹೊಗೆ ಸ್ವಲ್ಪ ಏರಿ, ಅಲ್ಲಿಂದ ಮೇಲೆ ಹೋಗದೆ ತೋಟದ ಎತ್ತರದಲ್ಲೇ ಅಡ್ಡಡ್ಡ ಹರಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಆ ಪದರ ಒಡೆಯುತ್ತದೆ. ಆಮೇಲೆ ಕಡಲಗಾಳಿಯೂ ಶುರುವಾಗುತ್ತದೆ, ಹೊಗೆ ಚದುರುತ್ತದೆ.

ಮೊಬೈಲ್ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಹತ್ತಿರದಲ್ಲಿ ಅಳೆಯುವ ಯಂತ್ರ ಇಲ್ಲದ ಕಡೆ ಅನೇಕ ಆ್ಯಪ್‌ಗಳು ಕೊಡುವುದು ಉಪಗ್ರಹ ಮತ್ತು ಲೆಕ್ಕಾಚಾರದ ಅಂದಾಜು. ಇನ್ನು ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕ ಸಣ್ಣ ಕಣಗಳನ್ನು 24 ಗಂಟೆಯ ಸರಾಸರಿಯಲ್ಲಿ ನೋಡುತ್ತದೆ. ಬೆಳಿಗ್ಗೆ ಎರಡು ಗಂಟೆ ಘನ ಮೀಟರಿಗೆ 150 ಮೈಕ್ರೋಗ್ರಾಂ ಇದ್ದು, ಉಳಿದ 22 ಗಂಟೆ 30 ಇತ್ತು ಎಂದುಕೊಳ್ಳಿ. ಸರಾಸರಿ 40 ಬರುತ್ತದೆ. ದೇಶದ ಮಿತಿ 60, ಹಾಗಾಗಿ ದಿನ ‘ತೃಪ್ತಿಕರ’. ಆ ಎರಡು ಗಂಟೆಯಲ್ಲೇ ಮಕ್ಕಳು ಶಾಲೆಗೆ ಹೊರಟಿರುತ್ತಾರೆ, ವಯಸ್ಸಾದವರು ವಾಕಿಂಗ್ ಮುಗಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ ದಿನಕ್ಕೆ 15 ಮಾತ್ರ. ಆ ಲೆಕ್ಕದಲ್ಲಿ ಇದೇ ದಿನ ಫೇಲು.

ತೋಟದಲ್ಲಿ ಸುಡುವುದು ಬಹಳ ಸಲ ಸುಮ್ನೆ ಅಭ್ಯಾಸ. ಒಣ ಮಡಲು, ತರಗೆಲೆ ಅಡಿಕೆ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ ರೈತರಿಗೆ ಕಲಿಸಿದೆ. ಆದರೂ ಸುಡಲೇಬೇಕು ಎನ್ನುವವರು ಬೆಳಗಿನ ಏಳು ಗಂಟೆಯ ಬದಲು ಬಿಸಿಲೇರಿದ ಮೇಲೆ ಸುಟ್ಟರೆ ಹೊಗೆ ಅಷ್ಟೇ ಹುಟ್ಟುತ್ತದೆ, ಆದರೆ ಪಕ್ಕದ ಮನೆಯ ಜಗಲಿಯಲ್ಲಿ ನಿಲ್ಲುವುದು ಕಡಿಮೆಯಾಗುತ್ತದೆ. ಬೇಸಿಗೆಯ ಒಣ ಗಾಳಿಗೆ ಬೆಂಕಿ ಗುಡ್ಡೆಯ ಹುಲ್ಲಿಗೆ ಹತ್ತದಂತೆ ಮಾತ್ರ ಪಕ್ಕದಲ್ಲೇ ನಿಂತು ಕಾಯಬೇಕಾಗುತ್ತದೆ.